ಗಂಗೊಳ್ಳಿಯ ಮರಳಲ್ಲಿ ಗಾಲ್ಫ್ ಫೈನಲ್

ಮಧ್ಯಾಹ್ನ ಮೊಮ್ಮಗಳು ಟಿವಿಯಲ್ಲಿ ಗಾಲ್ಫ್ ಹಾಕಿದ್ದಳು. ಆಟಗಾರ್ತಿಯೊಬ್ಬಳು ಕೊನೆಯ ಹೊಡೆತಕ್ಕೆ ಬಗ್ಗಿ ನಿಂತಿದ್ದಳು. ಸುತ್ತ ಅಷ್ಟೊಂದು ಜನ, ಒಬ್ಬರೂ ಪಿಟ್ಟೆನ್ನುತ್ತಿಲ್ಲ. ನಾನು ಮಾತ್ರ ಮನಸ್ಸಿನಲ್ಲೇ ನಮ್ಮೂರು ಗಂಗೊಳ್ಳಿಯ ಕಡಲ ಮರಳಿಗೆ ಹೋಗಿಬಿಟ್ಟೆ.

ಆಗ ಇನ್ನೂ ಇಂಗ್ಲಿಷರ ಕಾಲ, ನಾನು ಪುಟ್ಟ ಹುಡುಗಿ. ಚಿಕ್ಕಪ್ಪ ಬೊಂಬಾಯಿಯ ಗಾಲ್ಫ್ ಮೈದಾನದಲ್ಲಿ ಆಟಗಾರರ ಚೀಲ ಹೊರುತ್ತಿದ್ದ. ಊರಿಗೆ ಬಂದರೆ ಸಾಕು, ಒಣಮೀನಿನ ಚಾಪೆಗಳ ನಡುವೆ ಕೂತು ಸುದ್ದಿ ಶುರು. ಒಮ್ಮೆ ಫೈನಲ್ ಆಟದ ಸುದ್ದಿ: ಆಟವನ್ನೇ ಕಸುಬು ಮಾಡಿಕೊಂಡ ಇಬ್ಬರು ಸಾಹೇಬರು, ಕೊನೆಯ ಕುಳಿಯವರೆಗೂ ಸಮಸಮ! ಆ ಕೊನೆಯ ಹೊಡೆತವನ್ನು ಆಡಿಯೇ ತೋರಿಸಬೇಕೆಂದು ಜೇಬಿನಿಂದ ಬಿಳಿ ಚೆಂಡು ತೆಗೆದ. ಒಂದು ಏಡಿಯ ಬಿಲ ತೋರಿಸಿ, ತೆಂಗಿನ ಮಡಲಿನ ದಿಂಡನ್ನು ನನ್ನ ಕೈಗೆ ಕೊಟ್ಟ.

"ಹ್ವಾಯ್, ಹೊಡುವತಿಗೆ ಯಾರೂ ಮಾತಾಡುಕಾಗ!" ಎಂದು ಎಲ್ಲರನ್ನೂ ಗದರಿದ.

ಬಲೆ ಒಣಹಾಕುತ್ತಿದ್ದ ಗಂಡಸರು, ಕಾಗೆ ಓಡಿಸುತ್ತಿದ್ದ ಅಜ್ಜಿ, ಎಲ್ಲರೂ ಬಾಯಿ ಮುಚ್ಚಿದರು. ನಮ್ಮ ತೀರ ಅಷ್ಟು ಸುಮ್ಮನಿದ್ದದ್ದನ್ನು ನಾನು ಕಂಡೇ ಇರಲಿಲ್ಲ. ಹೊಡೆದೆ. ಚೆಂಡು ಉರುಳಿ ಉರುಳಿ ಬಿಲದ ಅಂಚಿನಲ್ಲಿ ಅನುಮಾನಿಸುತ್ತಾ ನಿಂತಿತು.

ಅಜ್ಜಿಗೆ ತಡೆಯಲಾಗಲಿಲ್ಲ. ರಂಪಣಿ ಬಲೆ ಎಳೆಯುವಾಗ ಕೂಗುವ ಹಾಗೆ "ಐಲೇಸಾ!" ಎಂದಳು. "ಐಲೇಸಾ!" ಇಡೀ ತೀರವೇ ಕೂಗಿತು. ಚೆಂಡು ಒಳಗೆ!

"ಬೊಂಬಾಯಂಗೆ ಹೀಂಗ್ ಕೂಗಿರೆ ಹೊರ್ಗ್ ಹಾಕ್ತ್ರ್, ಅಮ್ಮ," ಎಂದು ಚಿಕ್ಕಪ್ಪ ತಲೆ ಹಿಡಿದುಕೊಂಡ.

"ಕೂಗ್ದೇ ಎಂತ ಬತ್ತ್ ಮಗಾ?" ಎಂದಳು ಅಜ್ಜಿ.

ಟಿವಿಯ ಚೆಂಡೂ ಕುಳಿಯ ಅಂಚಿಗೆ ಬಂದು ನಿಧಾನವಾಯಿತು. ಮೊಮ್ಮಗಳು ತುಟಿಗೆ ಬೆರಳಿಟ್ಟು ನನ್ನತ್ತ ನೋಡಿದಳು. ಸುಮ್ಮನಿರುವವಳೇ ನಾನು?

"ಐಲೇಸಾ!"