ಏಳನೆಯ ಸಾಲಿನ ಹೆಸರು

೨೦೦೩ರಲ್ಲಿ ನಾನು ಹೈದರಾಬಾದಿನ ತಾರ್ನಾಕದ ಆಚೆಗಿದ್ದ ಒಂದು ಖಾಸಗಿ ಎಂಜಿನಿಯರಿಂಗ್ ಕಾಲೇಜಿನಲ್ಲಿ ಸಿಸ್ಟಮ್ಸ್ ಮ್ಯಾನೇಜರ್ ಆಗಿದ್ದೆ. ಅರವತ್ತು ಕಂಪ್ಯೂಟರುಗಳ ಒಂದು ಲ್ಯಾಬ್, ಒಂದು ಸರ್ವರ್, ಸಹಾಯಕರಾಗಿ ಬೀದರಿನ ಸಲೀಮ್ ಸಾಹೇಬರು, ಇಷ್ಟು ನನ್ನ ವಿಭಾಗ. ಸಾಫ್ಟ್‌ವೇರ್ ಕಂಪನಿಗಳು ಸಾಲುಗಟ್ಟಿ ಕ್ಯಾಂಪಸ್ಸಿಗೆ ಬರುತ್ತಿದ್ದ ಕಾಲವದು. ಸಂದರ್ಶನದ ಕರೆ ಇಮೇಲ್‌ನಲ್ಲೇ ಬರತೊಡಗಿದ್ದರಿಂದ ಆ ವರ್ಷ ಅಂತಿಮ ವರ್ಷದ ಎಲ್ಲ ವಿದ್ಯಾರ್ಥಿಗಳಿಗೂ ಕಾಲೇಜಿನ ಇಮೇಲ್ ಖಾತೆ ತೆರೆದುಕೊಟ್ಟೆವು. ಮೊದಲ ಪಾಸ್‌ವರ್ಡ್ ಆಗಿ ಪ್ರತಿಯೊಬ್ಬರ ಹಾಲ್‌ಟಿಕೆಟ್ ನಂಬರನ್ನೇ ಇಟ್ಟೆವು. ಪರೀಕ್ಷೆಗೆ ಕೂರುವ ನಂಬರು. ಯಾರೂ ಮರೆಯುವುದಿಲ್ಲ ಎಂಬುದು ನನ್ನ ಲೆಕ್ಕಾಚಾರ. ಎರಡು ವಾರದೊಳಗೆ ಅದನ್ನು ಬದಲಿಸಬೇಕೆಂದು ಸುರಕ್ಷತಾ ಸೂಚನೆ ಹೊರಡಿಸಿದೆ. ಒಂದಲ್ಲ, ಮೂರು ಸಲ.

ಮೂರನೆಯ ಸೂಚನೆಯ ನಂತರವೂ ಮೂವತ್ತೆಂಟು ಮಂದಿ ಬದಲಿಸಿರಲಿಲ್ಲ. ನಾನು ಕಲಿತದ್ದು ಮೈಸೂರಿನ ಒಂದು ಪ್ರಯೋಗಶೀಲ ಶಾಲೆಯಲ್ಲಿ. ಅಲ್ಲಿ ಬೆತ್ತವಿರಲಿಲ್ಲ, ರ‍್ಯಾಂಕ್ ಇರಲಿಲ್ಲ. ಆದರೆ ತಪ್ಪನ್ನು ತಪ್ಪೆಂದು ಎಲ್ಲರೆದುರು ಹೇಳುವ ಧೈರ್ಯ ಬೇಕೆಂದು ಕಲಿಸಿದ್ದರು. ಆ ಪಾಠವನ್ನು ನಾನು ಅರ್ಧವೇ ಕಲಿತಿದ್ದೆ ಎಂಬುದು ಆಗ ತಿಳಿದಿರಲಿಲ್ಲ. 'ಸುರಕ್ಷತೆಯನ್ನು ಅಲಕ್ಷಿಸಿದವರು' ಎಂಬ ತಲೆಬರಹ ಕೊಟ್ಟು, ಮೂವತ್ತೆಂಟು ಹೆಸರುಗಳನ್ನೂ ಅವುಗಳ ಮುಂದೆ ಹಾಲ್‌ಟಿಕೆಟ್ ನಂಬರುಗಳನ್ನೂ ಅಚ್ಚುಹಾಕಿ, ಲ್ಯಾಬಿನ ಹೊರಗೋಡೆಗೆ ಅಂಟಿಸಲು ಸಲೀಮ್ ಸಾಹೇಬರ ಕೈಗಿತ್ತೆ.

ಅವರು ಹಾಳೆಯನ್ನು ಎರಡು ಸಲ ಓದಿದರು. "ಮೇಡಮ್ಮರ, ಯಾರ್ಯಾರ ಮನೀಗಿ ಕೀಲಿ ಇಲ್ಲ ಅಂತ ಓಣ್ಯಾಗ ಡಂಗುರ ಹೊಡದಂಗ ಆಯ್ತದ ನೋಡ್ರಿ."

"ನಾಚಿಕೆಯಾಗಲಿ ಸಾಹೇಬರೇ. ಆಗಲಾದರೂ ಬದಲಿಸುತ್ತಾರೆ."

"ಆಯ್ತು, ನಿಮ್ಮ ರಾಜ್ಯ, ನಿಮ್ಮ ಡಂಗುರ. ನಂದೇನದ, ಬರೇ ಗೋಂದು," ಎಂದು ನಕ್ಕು ಅಂಟಿಸಿ ಬಂದರು. ನಾನೂ ನಕ್ಕೆ. ಪಾಸ್‌ವರ್ಡ್ ಬದಲಿಸಿಲ್ಲವೆಂದರೆ ಆ ನಂಬರೇ ಇನ್ನೂ ಪಾಸ್‌ವರ್ಡ್ ಎಂದರ್ಥ. ನಾನು ಗೋಡೆಗೆ ಹಚ್ಚಿಸಿದ್ದು ಮೂವತ್ತೆಂಟು ಮಂದಿಯ ಕೀಲಿಕೈಗಳನ್ನು. ಕೆಳದರ್ಜೆಯ ನೌಕರರೆಂದು ನಾನೆಣಿಸಿದ್ದವರಿಗೆ ಒಂದೇ ನೋಟಕ್ಕೆ ಹೊಳೆದದ್ದು ನನಗೆ ಹೊಳೆಯಲಿಲ್ಲ.

ನಾಲ್ಕನೆಯ ದಿನ, ಸೋಮವಾರ, ಒಂದು ಕಂಪನಿಗೆ ರೇಣುಕಾ ಎಂಬ ವಿದ್ಯಾರ್ಥಿನಿಯ ಖಾತೆಯಿಂದ ಪತ್ರ ಹೋಯಿತು. ನಿಮ್ಮ ಕೆಲಸ ನನಗೆ ಬೇಡ, ನಿಮ್ಮ ಪರೀಕ್ಷೆಯೇ ಒಂದು ನಾಟಕ, ಪ್ರಶ್ನೆಪತ್ರಿಕೆ ಮೊದಲೇ ಹೊರಬಿದ್ದಿತ್ತು ಎಂಬುದು ಅದರ ಸಾರಾಂಶ. ರೇಣುಕಾ ಆ ಕಂಪನಿಯ ಲಿಖಿತ ಪರೀಕ್ಷೆಯಲ್ಲಿ ತೇರ್ಗಡೆಯಾಗಿದ್ದಳು. ಶುಕ್ರವಾರ ಅಂತಿಮ ಸಂದರ್ಶನವಿತ್ತು. ಅವಳ ತಂದೆ ಮಲ್ಲಪ್ಪನವರು ಬಾಗಲಕೋಟೆ ಕಡೆಯವರು, ಬಾಲಾನಗರದ ಒಂದು ಎಂಜಿನಿಯರಿಂಗ್ ಕಾರ್ಖಾನೆಯಲ್ಲಿ ಫಿಟ್ಟರ್. ಆ ಮನೆಯಲ್ಲಿ ಕಾಲೇಜು ಮೆಟ್ಟಿಲು ಹತ್ತಿದ ಮೊದಲಿಗಳು ಅವಳೇ.

ಕಂಪನಿ ಪ್ರಿನ್ಸಿಪಾಲರಿಗೆ ದೂರು ಬರೆಯಿತು. ಮಂಗಳವಾರ ಐವರ ವಿಚಾರಣಾ ಸಮಿತಿ ಕೂತಿತು. ನನ್ನನ್ನು ತಾಂತ್ರಿಕ ಸಾಕ್ಷಿಯಾಗಿ ಕರೆದರು. ಯಾರು ಯಾವಾಗ ಯಾವ ಯಂತ್ರದಿಂದ ಖಾತೆ ತೆರೆದರೆಂದು ಸರ್ವರ್ ತಾನೇ ಬರೆದಿಟ್ಟುಕೊಳ್ಳುವ ದಾಖಲೆಗೆ ಲಾಗ್ ಎನ್ನುತ್ತಾರೆ. ಅದರಿಂದ ರೇಣುಕಾಳ ಒಂದೇ ಸಾಲನ್ನು ಅಚ್ಚುಹಾಕಿಕೊಂಡು ಹೋಗಿದ್ದೆ: ಬೆಳಿಗ್ಗೆ ೧೧.೨೦, ಯಂತ್ರ ಸಂಖ್ಯೆ ೧೪, ಪಾಸ್‌ವರ್ಡ್ ಸರಿ.

"ಆ ಹೊತ್ನ್ಯಾಗ ನಾ ಇನ್ನಾ ಬಸ್ಸಿನ್ಯಾಗ ಇದ್ದೆ ಸರ್," ಎಂದಳು ರೇಣುಕಾ. ಪಾಸ್‌ವರ್ಡ್ ಏಕೆ ಬದಲಿಸಲಿಲ್ಲ ಎಂದು ಒಬ್ಬರು ಗದರಿದರು. "ಲ್ಯಾಬಿನ್ಯಾಗ ನಮ್ಮ ಪಾಳಿ ವಾರಕ್ಕ ಒಂದ ಸಲರಿ. ಆವತ್ತ ಕರೆಂಟ ಇರಲಿಲ್ಲ. ಮನ್ಯಾಗ ಕಂಪ್ಯೂಟರ್ ಇಲ್ರಿ ನಮ್ದು."

ಮೂರು ಸೂಚನೆ ಹೊರಡಿಸಿದ ನಾನು ಈ ಪ್ರಶ್ನೆಯನ್ನು ಒಮ್ಮೆಯೂ ಕೇಳಿಕೊಂಡಿರಲಿಲ್ಲ. ಆ ಮೂವತ್ತೆಂಟರಲ್ಲಿ ಹೆಚ್ಚಿನವರು ಅಲಕ್ಷ್ಯದವರಲ್ಲ, ಮನೆಯಲ್ಲಿ ಕಂಪ್ಯೂಟರ್ ಇಲ್ಲದವರು. ಬಡತನವನ್ನು ನಾನು ಬೇಜವಾಬ್ದಾರಿಯೆಂದು ಹೆಸರಿಸಿದ್ದೆ.

ಅಧ್ಯಕ್ಷರು ನನ್ನತ್ತ ತಿರುಗಿ, ಬೇರೆಯವರು ಆ ಖಾತೆ ತೆರೆದಿರಬಹುದೇ ಎಂದು ಕೇಳಿದರು. ಸಮಿತಿಯ ಯಾರ ಗಮನಕ್ಕೂ ಬಾರದಿದ್ದ ಗೋಡೆಯ ಪಟ್ಟಿ ನನ್ನ ಕಣ್ಣ ಮುಂದೆ ಬಂತು. ಅವಳ ಹೆಸರು ಏಳನೆಯ ಸಾಲಿನಲ್ಲಿತ್ತು. ನಾನು ಹೇಳಿದೆ: "ಪಾಸ್‌ವರ್ಡ್ ಸರಿಯಾಗಿದ್ದರೆ ಖಾತೆಯ ಒಡೆಯರೇ ಹೊಣೆ. ನಿಯಮ ಹಾಗಿದೆ." ಸುಳ್ಳು ಹೇಳಲಿಲ್ಲ, ಸುಳ್ಳು ಮಾಡಬಹುದಾದ ಕೆಲಸವನ್ನೆಲ್ಲ ಆ ಸತ್ಯದಿಂದ ಮಾಡಿಸಿಕೊಂಡೆ. ರೇಣುಕಾ ಆ ವರ್ಷ ಯಾವ ಸಂದರ್ಶನಕ್ಕೂ ಕೂರಬಾರದು, ಕ್ಷಮಾಪಣೆ ಬರೆದುಕೊಡಬೇಕು ಎಂದು ತೀರ್ಮಾನವಾಯಿತು. "ಮಾಡದ್ದಕ್ಕ ಮಾಫಿ ಹ್ಯಾಂಗ ಬರೀಲಿರಿ?" ಎಂದು ಅವಳು ಪೆನ್ನು ಮುಟ್ಟಲಿಲ್ಲ. ಹೊರಬಂದು ನಾನು ಮೊದಲು ಮಾಡಿದ ಕೆಲಸ, ಲ್ಯಾಬಿನ ಗೋಡೆಯ ಆ ಪಟ್ಟಿಯನ್ನು ಸದ್ದಿಲ್ಲದೆ ಕಿತ್ತುಹಾಕಿದ್ದು.

ಮರುದಿನ ಮಲ್ಲಪ್ಪನವರು ಪಾಳಿ ಬಿಟ್ಟು, ಎಣ್ಣೆಗಲೆಯ ಖಾಕಿ ಅಂಗಿಯಲ್ಲೇ ಬಂದರು. ಕುರ್ಚಿ ತೋರಿಸಿದರೂ ಕೂರಲಿಲ್ಲ.

"ಬಾಯಾರ, ನಾ ಸಾಲಿ ಕಲ್ತಾಂವಲ್ಲ. ಒಂದ ಮಾತ ಕೇಳ್ತೀನಿ. ನಮ್ಮ ಕಾರ್ಖಾನ್ಯಾಗ ಸುತ್ತಿಗಿಯಂಥಾ ಔಜಾರ ಬೇಕಂದ್ರ ನಮ್ಮ ನಂಬರ ಕೆತ್ತಿದ ಹಿತ್ತಾಳಿ ಬಿಲ್ಲೆ ಕೊಡಬೇಕು. ಬಾಯಿಲೆ ನಂಬರ ಹೇಳಿದ್ರ ಸ್ಟೋರಿನಾಂವ 'ಹೋಗೋ ಮಾರಾಯಾ' ಅಂತಾನ. ಯಾಕಂದ್ರ ನನ್ನ ನಂಬರ ಎಲ್ಲಾರಿಗೂ ಗೊತ್ತು, ಬಿಲ್ಲೆ ನನ್ನ ಕಿಸೆದಾಗಷ್ಟ ಇರ್ತೈತಿ. ನೀವು ನನ್ನ ಮಗಳಿಗೆ ಕೊಟ್ಟದ್ದು ನಂಬರೋ, ಬಿಲ್ಲೆಯೋ?"

ನನ್ನ ಕಣ್ಣು ಮೇಜಿನ ಮೇಲಿದ್ದ ಆ ಒಂದೇ ಸಾಲಿನ ಹಾಳೆಯತ್ತ ಹೋಯಿತು. "ಭಾಳ ಕಲ್ತೀರಿ, ವಿಚಾರ ಮಾಡ್ರಿ," ಎಂದು ಕೈಮುಗಿದು ಹೋದರು.

ಅವರು ಹೋದ ಮೇಲೆ ಸೋಮವಾರದ ಇಡೀ ಲಾಗನ್ನು ತೆರೆದೆ. ಮಂಗಳವಾರವೇ ಮಾಡಬೇಕಿದ್ದ ಕೆಲಸ. ಅದೇ ಹದಿನಾಲ್ಕನೆಯ ಯಂತ್ರದಿಂದ ಇಪ್ಪತ್ತು ನಿಮಿಷದಲ್ಲಿ ಏಳು ಖಾತೆಗಳು ತೆರೆದಿದ್ದವು, ನನ್ನ ಪಟ್ಟಿಯಲ್ಲಿದ್ದ ಕ್ರಮದಲ್ಲೇ. ಯಾರೋ ಹೆಸರುಗಳನ್ನು ಮೇಲಿನಿಂದ ಒಂದೊಂದಾಗಿ ಪರೀಕ್ಷಿಸುತ್ತ ಬಂದಿದ್ದರು. ಮೊದಲ ಆರು ಖಾತೆಗಳಲ್ಲಿ ಯಾವ ಕಂಪನಿಯ ಕರೆಯೂ ಇರಲಿಲ್ಲ. ಏಳನೆಯದರಲ್ಲಿತ್ತು. ಆ ಯಾರೋ ಯಾರೆಂಬುದು ಕೊನೆಗೂ ತಿಳಿಯಲಿಲ್ಲ. ಯಾವ ಯಂತ್ರದಲ್ಲಿ ಯಾರು ಕೂತರೆಂದು ಬರೆದಿಡುವ ಪುಸ್ತಕವನ್ನು, ಇನ್ನು ಲಾಗ್ ಇದೆಯಲ್ಲ ಎಂದು, ನಾನೇ ನಿಲ್ಲಿಸಿದ್ದೆ.

ಬುಧವಾರ ಸಂಜೆಯೇ ಪ್ರಿನ್ಸಿಪಾಲರಿಗೆ ಎಲ್ಲವನ್ನೂ ತೋರಿಸಿದೆ. ಅವರು ದೀರ್ಘವಾಗಿ ಉಸಿರುಬಿಟ್ಟು ತೆಲುಗಿನಲ್ಲಿ ಹೇಳಿದರು: ಶುಕ್ರವಾರ ಕಂಪನಿಯವರು ಬರುತ್ತಾರೆ, ನಮ್ಮ ಲ್ಯಾಬಿನ ಮಾನ ಅವರೆದುರು ಹೋಗುವುದು ಬೇಡ, ಅವರು ಬಂದು ಹೋಗಲಿ, ಆಮೇಲೆ ಶಿಕ್ಷೆ ರದ್ದು ಮಾಡೋಣ. ನಾನು ತಲೆಯಾಡಿಸಿದೆ. ವಿಚಾರಣೆಯ ದಿನದ ಮೌನಕ್ಕೆ ಗಾಬರಿಯ ನೆಪವಾದರೂ ಇತ್ತು. ಈ ಎರಡನೆಯ ಮೌನಕ್ಕೆ ಯಾವ ನೆಪವೂ ಇಲ್ಲ. ಶುಕ್ರವಾರ ಸಂದರ್ಶನ ನಡೆಯಿತು. ರೇಣುಕಾಳ ಹೆಸರು ಕರೆಯಲಿಲ್ಲ.

ಶನಿವಾರ ಅವಳನ್ನು ಕರೆದು ನಡೆದದ್ದನ್ನು ತಿಳಿಸಿದೆ. ನನ್ನ ತಪ್ಪನ್ನು ಬರೆದು ಕಾಲೇಜಿನ ಬೋರ್ಡಿಗೆ ಹಾಕುತ್ತೇನೆಂದೆ.

"ಬ್ಯಾಡ್ರಿ ಮೇಡಮ್. ನಿಮಗ ಏನರ ಆದ್ರೂ ಗ್ವಾಡಿನಾ ನೆನಪಾಗ್ತೈತಲ್ಲ!" ಎಂದಳು. ನಗುತ್ತಿರಲಿಲ್ಲ. "ಆ ಐದ ಮಂದಿ ಮುಂದ ಹೇಳ್ರಿ. ನಾನೂ ಅಲ್ಲೇ ಕುಂದರ್ತೀನಿ."

ಸೋಮವಾರ ಸಮಿತಿ ಮತ್ತೆ ಸೇರಿತು. ಪಟ್ಟಿ ಬರೆದದ್ದರಿಂದ ಹಿಡಿದು ಕಿತ್ತುಹಾಕಿದ್ದರವರೆಗೆ ಒಂದೊಂದಾಗಿ ಹೇಳಿದೆ. ಪ್ರಿನ್ಸಿಪಾಲರು ಕಿಟಕಿಯತ್ತ ನೋಡುತ್ತಿದ್ದರು. ಶಿಕ್ಷೆ ರದ್ದಾಯಿತು. ಕಂಪನಿಗೆ ನಾನು ಬರೆದ ಪತ್ರಕ್ಕೆ ಉತ್ತರ ಬರಲಿಲ್ಲ. ರೇಣುಕಾಳಿಗೆ ಕೆಲಸ ಸಿಕ್ಕಿದ್ದು ಮರುವರ್ಷ, ಕಾಲೇಜಿನ ನೆರವಿಲ್ಲದೆ.

ಅನಂತರದ ನನ್ನ ಸೇವಾವಧಿಯಲ್ಲಿ ಯಾರಿಗೂ ಊಹಿಸಬಹುದಾದ ಪಾಸ್‌ವರ್ಡ್ ಕೊಡಲಿಲ್ಲ. ಲ್ಯಾಬಿನಲ್ಲಿ ಕುಳ್ಳಿರಿಸಿ, ಬದಲಿಸುವವರೆಗೂ ಪಕ್ಕದಲ್ಲಿದ್ದೆ. ಯಾರ ಮೇಲೆ ಆರೋಪ ಬಂದರೂ ಒಂದು ಸಾಲಲ್ಲ, ಇಡೀ ದಿನದ ಲಾಗ್ ಓದಿದೆ. ಇವೆಲ್ಲ ಕಲಿಯಬಹುದಾದ ಕಾರ್ಯವಿಧಾನಗಳು. ವೃತ್ತಿ ನನಗೆ ಕಲಿಸಿದ ನಿಜವಾದ ಪಾಠ ಬೇರೆ: ಪರರ ತಪ್ಪಿಗೆ ಹೆಸರಿಡಲು ನನಗೆ ಒಂದು ಬೆಳಗು ಸಾಕಾಗಿತ್ತು, ನನ್ನದಕ್ಕೆ ಆರು ದಿನ ಬೇಕಾಯಿತು. ಆ ಆರು ದಿನಗಳ ಬೆಲೆ ತೆತ್ತದ್ದು ನಾನಲ್ಲ.

ಆ ಸೋಮವಾರ ಎಲ್ಲರೂ ಏಳುತ್ತಿದ್ದಾಗ ರೇಣುಕಾ ಒಂದೇ ಪ್ರಶ್ನೆ ಕೇಳಿದ್ದಳು.

"ಮೇಡಮ್, ಇದೆಲ್ಲಾ ನಿಮಗ ಮಂಗಳವಾರ ಇಲ್ಲಿ ಕುಂತಾಗನಾ ಗೊತ್ತಿತ್ತೇನ್ರಿ?"

ಪಟ್ಟಿಯ ವಿಷಯ ಗೊತ್ತಿತ್ತು ಎಂದೆ.

ಅವಳು ತನ್ನ ಪುಸ್ತಕಗಳನ್ನು ಎತ್ತಿಕೊಂಡು, ನನಗಾಗಿ ಬಾಗಿಲು ಹಿಡಿದು ನಿಂತಳು.