ಕರೆಂಟ್ ಬೇಡದ ಸರ್ಕ್ಯೂಟ್

"ಸರ್ಕ್ಯೂಟಾ? ಮಳೆ ಬಂದರೆ ಬಂಟ್ವಾಳದಲ್ಲಿ ಕರೆಂಟೇ ಇರುವುದಿಲ್ಲ ಮಾರಾಯ್ತಿ. ನಿನ್ನ ಸರ್ಕ್ಯೂಟಿಗೆ ಕರೆಂಟ್ ಯಾರು ಕೊಡ್ತಾರೆ?"

ಕಳೆದ ಭಾನುವಾರ ನನ್ನ ಅತ್ತೆ ಕೇಳಿದ ಪ್ರಶ್ನೆ ಇದು. ಕೇಳಿದ್ದು ಮೊಮ್ಮಗಳು ಶ್ರಾವ್ಯಾಳನ್ನು, ಅಂದರೆ ನನ್ನ ನಾದಿನಿಯ ಮಗಳನ್ನು. ಅವಳು ಮೂಡುಬಿದಿರೆಯಲ್ಲಿ ಬಯೋಟೆಕ್ನಾಲಜಿ ಓದುತ್ತಾಳೆ. ಡಿಎನ್‌ಎಯಿಂದ ಮಾಡಿದ ಸರ್ಕ್ಯೂಟ್ ರೋಗ ಪತ್ತೆ ಮಾಡುತ್ತದೆ ಎಂದು ಹೇಳಲು ಹೋಗಿ ಸಿಕ್ಕಿಬಿದ್ದಿದ್ದಳು.

"ಕರೆಂಟ್ ಬೇಡ ಅಜ್ಜಿ. ಇದು ಒಂದು ಹನಿ ನೀರಿನಲ್ಲಿ ನಡೆಯುವುದು."

ಬ್ಯಾಗಿನ ಜಿಪ್ ಎಳೆದು ತೋರಿಸಿದಳು. ಡಿಎನ್‌ಎಯ ಎರಡು ಎಳೆಗಳು ಹೀಗೆ ಕಚ್ಚಿಕೊಂಡಿರುತ್ತವಂತೆ. ರೋಗಾಣುವಿನ ಕಡೆಯಿಂದ ಇನ್ನೂ ಚೆನ್ನಾಗಿ ಹೊಂದುವ ಎಳೆ ಬಂದರೆ ಹಳೆಯದು ಜಾಗ ಬಿಡುತ್ತದೆ. ಬಿಟ್ಟದ್ದು ಹೋಗಿ ಮುಂದಿನ ಜಿಪ್ ಬಿಚ್ಚುತ್ತದೆ. ಯಾವುದು ಯಾವುದನ್ನು ಬಿಚ್ಚಬೇಕು ಎಂದು ಮೊದಲೇ ಪ್ರೋಗ್ರಾಂ ಮಾಡಿಡಬಹುದು. ಕೊನೆಗೆ ಹನಿ ಹೊಳೆದರೆ ರೋಗ ಉಂಟು. (ನಾನು ಓದಿದ್ದು ಪಿಯುಸಿ. ನನಗೂ ಅರ್ಥವಾಯಿತು.)

"ರೋಗದ ಒಂದು ಗುರುತು ಸಿಕ್ಕಿದ ಕೂಡಲೇ ಹೊಳೆಯಬೇಕು ಅಂತ ಇಲ್ಲ ಮಾಮಿ. ಎರಡು ಗುರುತೂ ಉಂಟಾ ಅಂತ ನೋಡುವ ಹಾಗೆ ಮಾಡಬಹುದು. ಒಂದೇ ಇದ್ದರೆ ಸುಮ್ಮನಿರ್ತದೆ."

ಎಂಥ ಬುದ್ಧಿ! ಕಣ್ಣಿಗೆ ಕಾಣದ ಎಳೆಗೆ ಇಷ್ಟು ತಾಳ್ಮೆ ಕಲಿಸಿದವರಿಗೆ ಕೈಮುಗಿಯಬೇಕು ಎನಿಸಿತು.

ಆದರೆ ಮನಸ್ಸು ಹೋದದ್ದು ಕಳೆದ ವರ್ಷದ ನೆರೆಗೆ. ನೀರು ಇಳಿದ ಮೇಲೆ ನನ್ನವರು ಬರಿಗಾಲಿನಲ್ಲಿ ನಮ್ಮ ಅಂಗಡಿಯ ಕೆಸರು ಬಾಚಿದರು. ಜ್ವರ ಬಂತು. ಕಣ್ಣು ಹಳದಿಯಾಯಿತು. ನಮ್ಮ ಕಡೆ ಕಣ್ಣು ಹಳದಿಯಾದರೆ ಮತ್ತೇನು ಯೋಚನೆ? ಕಾಮಾಲೆ. ಬೆಳ್ತಂಗಡಿ ಕಡೆಯಿಂದ ಸೊಪ್ಪಿನ ಮದ್ದು ಬಂತು. ಪಥ್ಯವೆಂದು ಗಂಜಿಗೆ ಉಪ್ಪು ಹಾಕುವುದು ನಿಂತಿತು. ಅದು ಇಲಿಯ ಮೂತ್ರ ಸೇರಿದ ಕೆಸರಿನಿಂದ ಬರುವ ಇಲಿಜ್ವರ ಎಂದು ಆಸ್ಪತ್ರೆಯಲ್ಲಿ ಗೊತ್ತಾಗುವಾಗ ಕಿಡ್ನಿ ಸೋತಿತ್ತು.

ಅತ್ತೆಯೂ ಅಲ್ಲಿಗೇ ಹೋಗಿದ್ದರೆಂದು ಕಾಣುತ್ತದೆ. "ಇದು ಆಗ ಇದ್ದಿದ್ದರೆ ನನ್ನ ಮಗ ಉಳೀತಿದ್ದನಾ?"

ಶ್ರಾವ್ಯಾ ಜಿಪ್ಪನ್ನೇ ನೋಡುತ್ತ ಮೆಲ್ಲಗೆ ಹೇಳಿದಳು: "ಇದು ಇನ್ನೂ ಹೆಚ್ಚಾಗಿ ಲ್ಯಾಬಿನಲ್ಲೇ ಉಂಟು ಅಜ್ಜಿ. ಆದರೆ ಇಲಿಜ್ವರಕ್ಕೆ ರಕ್ತಪರೀಕ್ಷೆ ಆಗಲೂ ಇತ್ತು."

ಪರೀಕ್ಷೆ ಇತ್ತು. ಮಾಡಿಸುವಷ್ಟು ಅನುಮಾನ ನಮ್ಮಲ್ಲಿ ಯಾರಿಗೂ ಬರಲಿಲ್ಲ. ಆ ಸಂಜೆ ಅತ್ತೆ ಊಟಕ್ಕೆ ಏಳಲಿಲ್ಲ.

ಮೊನ್ನೆ ಹಿಂಬದಿ ಮನೆಯ ಲಲಿತಕ್ಕ ಓಡಿಬಂದರು. ಮಗನ ಕಣ್ಣು ಹಳದಿಯಾಗಿದೆಯಂತೆ, ಸೊಪ್ಪಿನ ಮದ್ದು ಕೊಡುವವರ ಮನೆ ಎಲ್ಲಿ ಎಂದು ಕೇಳಲು.

ಅತ್ತೆ ವಿಳಾಸ ಹೇಳಲಿಲ್ಲ. ಕೇಳಿದ್ದು ಒಂದೇ ಮಾತು: "ಅವ ಕೆಸರಿಗೆ ಇಳಿದಿದ್ದನಾ?"