ವೈಜಿನಾಥನ ನೀರಿನ ಮೇಲೆ ನಾನು ಹೊರಿಸಿದ ಸುಳ್ಳು

ವೈಜಿನಾಥನ ಟ್ಯಾಂಕರ್ ನೀರಿನಲ್ಲಿ ಯಾವ ದೋಷವೂ ಇರಲಿಲ್ಲ. ಭಾಲ್ಕಿಯ ನಮ್ಮ ಓಣಿಯ ಐವರು ಹೆಂಗಸರಿಗೆ ವಾಂತಿಭೇದಿ ಹತ್ತಿದ್ದು ನಾನು ಮಾರಿದ ಡಯಟ್ ಡ್ರಿಂಕ್‌ನಿಂದ. ಅದು ನನಗೆ ಆ ದಿನವೇ ಗೊತ್ತಿತ್ತು. ಗೊತ್ತಿದ್ದೂ ಹನ್ನೆರಡು ವರ್ಷ ಬಾಯಿ ಮುಚ್ಚಿಕೊಂಡಿದ್ದೆ. "ಈಗ ಯಾಕ ಕೆದಕ್ತಿ? ಮುಗದ್ ಹೋದ ಮಾತದ" ಎನ್ನುತ್ತಾರೆ ನಮ್ಮವರು. ಯಾರಿಗೆ ಮುಗಿದಿದೆ? ನಾನು ಬರೆಯುವವಳೇ.

ಆಗ ಬರಗಾಲ. ನಲ್ಲಿಗಳು ಒಣಗಿ ತಿಂಗಳುಗಳಾಗಿದ್ದವು. ಓಣಿಯ ಅರ್ಧ ಮನೆಗಳಿಗೆ ಬೀಗ ಬಿದ್ದು, ಜನ ಪುಣೆ, ಹೈದರಾಬಾದ್ ಸೇರಿದ್ದರು. ಉಳಿದವರಿಗೆ ಔರಾದ್ ಕಡೆಯ ಚಿಂತಾಕಿಯ ವೈಜಿನಾಥ ದಿನ ಬಿಟ್ಟು ದಿನ ಮಾಲೀಕನ ಟ್ಯಾಂಕರ್ ಓಡಿಸಿಕೊಂಡು ನೀರು ತರುತ್ತಿದ್ದ.

ನಾನು ಮನೆಯ ಮುಂದಿನ ಕೋಣೆಯಲ್ಲಿ ಬ್ಯೂಟಿ ಪಾರ್ಲರ್ ನಡೆಸುತ್ತಿದ್ದೆ. ಜೊತೆಗೆ ತೂಕ ಇಳಿಸುವ ಡ್ರಿಂಕ್ ಮಾರುತ್ತಿದ್ದೆ. ಬರದಲ್ಲಿ ತೂಕ ಇಳಿಸುವ ಮಾತೇ ಎಂದು ನಗಬೇಡಿ — ಬರ ಬಂತೆಂದು ಮದುವೆಗಳು ನಿಂತಿರಲಿಲ್ಲ, ಚೆಂದ ಕಾಣುವ ಆಸೆಯೂ ನಿಂತಿರಲಿಲ್ಲ.

ಒಂದು ಬೆಳಿಗ್ಗೆ ಬೀದರ್‌ನ ಡೀಲರ್ ಫೋನ್ ಮಾಡಿದರು. "ಮೇಡಂ, ಈ ಸಲ ಬಂದ ಮಾಲ್ ಕೆಟ್ಟದಂತ್ರಿ. ಕಂಪನಿಯೋರು ವಾಪಸ್ ತಗೋಲತ್ತಾರ. ಯಾರಿಗರ ಕೊಟ್ಟಿದ್ರ, ಕುಡೀಬ್ಯಾಡ್ರಿ ಅಂತ ಹೇಳ್ರಿ."

ಹಿಂದಿನ ಸಂಜೆಯಷ್ಟೇ ಐವರಿಗೆ ಕೊಟ್ಟಿದ್ದೆ. ಹೋಗಿ ಹೇಳಲು ಹತ್ತು ನಿಮಿಷ ಸಾಕಿತ್ತು. ಹೋಗಲಿಲ್ಲ. ನಾನೂ ಒಂದು ಬಾಟಲಿ ಕುಡಿದಿದ್ದೆ, ನನಗೇನೂ ಆಗಿಲ್ಲವಲ್ಲ ಎಂದುಕೊಂಡೆ. ಆದರೆ ನಿಜವಾದ ಕಾರಣ ಅದಲ್ಲ — ಇವಳು ಕೆಟ್ಟ ಮಾಲು ಮಾರುತ್ತಾಳೆ ಎಂದು ಯಾರಾದರೂ ಅಂದುಬಿಟ್ಟರೆ...

ಮಧ್ಯಾಹ್ನದ ಹೊತ್ತಿಗೆ ಪಕ್ಕದ ಮನೆಯ ಟೀಚರ್ ಸುನಂದಾಗೆ ವಾಂತಿ ಶುರುವಾಯಿತು. ಸಂಜೆಯೊಳಗೆ ಐವರಿಗೂ. ಸುನಂದಾಳಿಗೆ ಉಪ್ಪು–ಸಕ್ಕರೆ ನೀರು ಕುಡಿಸಿದೆ, ಅದೂ ನಿಲ್ಲಲಿಲ್ಲ. ಬೀದರ್‌ನ ಆಸ್ಪತ್ರೆಯಲ್ಲಿ ಮೂರು ದಿನ ಸಲೈನ್. ವಾಂತಿ ಬಂದಾಗಲೆಲ್ಲ ತಲೆ ಹಿಡಿದು ಕೂತವಳು ನಾನೇ. ಒಡಹುಟ್ಟಿದವಳಂತೆ ನೋಡಿಕೊಂಡಳು ಎಂದು ಎಲ್ಲರೂ ಹೊಗಳಿದರು. ಆ ಹೊಗಳಿಕೆಯನ್ನೂ ಇಟ್ಟುಕೊಂಡೆ.

ಏನು ತಿಂದಿದ್ದರು, ಏನು ಕುಡಿದಿದ್ದರು ಎಂದು ಡಾಕ್ಟರ್ ಕೇಳಿದಾಗ, ಸುನಂದಾಳ ಗಂಡ ಬಾಯಿ ತೆರೆಯುವ ಮೊದಲೇ ನಾನು ಹೇಳಿದೆ: "ಟ್ಯಾಂಕರ್ ನೀರಿಂದೇ ಆಗ್ಯಾದ್ರಿ. ಬ್ಯಾರೆ ಏನದ?"

ಆ ಮಾತು ನನಗಿಂತ ಮೊದಲೇ ಓಣಿ ತಲುಪಿತು. ನಾನೂ ಅದೇ ಡ್ರಿಂಕ್ ಕುಡಿಯುತ್ತಿದ್ದರಿಂದ ಅದರ ಮೇಲೆ ಯಾರಿಗೂ ಸಂಶಯ ಬರಲಿಲ್ಲ. ಮರುದಿನ ನಾನು ಬಟ್ಟೆ ಒಯ್ಯಲೆಂದು ಮನೆಗೆ ಬಂದಾಗ ಗಂಡಸರು ವೈಜಿನಾಥನನ್ನು ಟ್ಯಾಂಕರ್‌ನಿಂದ ಎಳೆದು ಇಳಿಸಿದ್ದರು. ಅವನು ಅದೇ ನೀರನ್ನು ತಂಬಿಗೆಗೆ ಹಿಡಿದು ಎಲ್ಲರೆದುರು ಗಟಗಟ ಕುಡಿದ. "ನೋಡ್ರಿ! ನನ್ನ ಮಕ್ಕಳಿಗೂ ಇದೇ ನೀರು ಕುಡಸ್ತೀನ್ರಿ" ಎಂದ. ಆದರೂ ಹೊಡೆದರು. ಹುಬ್ಬು ಒಡೆದು ರಕ್ತ ಬಂತು. ನಾನು ಪಾರ್ಲರ್ ಬಾಗಿಲಲ್ಲಿ ನಿಂತು ನೋಡಿದೆ. ಉಳಿದ ಬಾಟಲಿಗಳು ನನ್ನ ಮಂಚದ ಕೆಳಗಿದ್ದವು.

ಟ್ಯಾಂಕರ್ ಮಾಲೀಕ ಅವನನ್ನು ಕೆಲಸದಿಂದ ತೆಗೆದ. ಬೇರೆ ಯಾರೂ ಸೇರಿಸಿಕೊಳ್ಳಲಿಲ್ಲ. ಹೆಂಡತಿ ಮಕ್ಕಳನ್ನು ಕರೆದುಕೊಂಡು ಪುಣೆಗೆ ಗಾರೆ ಕೆಲಸಕ್ಕೆ ಹೋದ.

ಅವನು ಊರಿಗೆ ಮರಳಿದ್ದಾನೆಂದು ತಿಳಿದು ಹೋದ ತಿಂಗಳು ಚಿಂತಾಕಿಗೆ ಹೋದೆ. ಎಲ್ಲವನ್ನೂ ಹೇಳಿ, "ತಪ್ಪಾತು ವೈಜಿನಾಥಣ್ಣ" ಎಂದೆ. ಅವನೆಂದ:

"ನನ್ನ ನೀರು ಛಲೋ ಇತ್ತಂತ ನನಗ ಮೊದ್ಲೇ ಗೊತ್ತದ. ನನಗ್ಯಾಕ ಹೇಳ್ತೀರಿ ಅಕ್ಕೋರೆ? ಹೊಡದೋರಿಗಿ ಹೋಗಿ ಹೇಳ್ರಿ."

ಸುನಂದಾಳಿಂದ ಶುರು ಮಾಡಿದೆ. "ನನ್ನ ತಲಿ ಹಿಡ್ಕೊಂಡು ಕೂತಿದ್ದಿಯಲ್ಲ, ಆಗರ ಹೇಳಬೇಕಿತ್ತು" ಎಂದಳು. ಮೊದಲ ಏಟು ಹೊಡೆದವನ ಮನೆಗೆ ಹೋದರೆ, "ನಮ್ಮ ಮರ್ಯಾದಿ ಕಳೀಬ್ಯಾಡ್ರಿ, ನಡೀರಿ" ಎಂದು ಬಾಗಿಲು ಹಾಕಿಕೊಂಡ. ಬೀದಿಯಲ್ಲೇ ನಿಂತು, ಅಕ್ಕಪಕ್ಕದವರಿಗೆಲ್ಲ ಕೇಳುವಂತೆ ಹೇಳಿದೆ. ಅಂದಿನಿಂದ ಪಾರ್ಲರ್‌ಗೆ ಯಾರೂ ಬರುತ್ತಿಲ್ಲ. ಬರದಿರಲಿ.

ಅವನ ಮೇಲೆ ಕೈ ಮಾಡಿದವರ ಮನೆಗಳು ಇನ್ನೂ ಮೂರಿವೆ. ನಾಳೆ ಹೋಗುತ್ತೇನೆ.